ಸುಣ್ಣನೆಲದ ಸಣ್ಣ ಹೂಗಳು

ಆಲ, ಅರಳಿ, ಬೇವು, ಹುಣಿಸೆಗಳನ್ನು ದಾರಿಹೋಕನೂ ದೂರದಿಂದಲೇ ಗುರುತಿಸಿ ಹೆಸರು ಹೇಳಬಲ್ಲನು. ಆದರೆ ಗೇಣುದ್ದಕ್ಕಿಂತ ಹೆಚ್ಚು ಬೆಳೆಯದ, ವರ್ಷದಲ್ಲಿ ಕೆಲವೇ ವಾರಗಳ ಕಾಲ ಅರಳಿ ಮರೆಯಾಗುವ ನೆಲಹೂವನ್ನು ಗುರುತಿಸಲು ಕಣ್ಣೊಂದೇ ಸಾಲದು. ಅದಕ್ಕೆ ಶಾಸ್ತ್ರದ ನೆರವು ಬೇಕು, ತಾಳ್ಮೆ ಬೇಕು, ನೆಲಕ್ಕೆ ಮೊಣಕಾಲೂರುವ ವಿನಯವೂ ಬೇಕು. ಅಮೆರಿಕದ ಮರುಭೂಮಿಗಳಲ್ಲಿ ಸಂಚರಿಸುವ ಸಸ್ಯಪ್ರಿಯರು ಇಂತಹ ಕಿರುಹೂಗಳನ್ನು ವಿನೋದಕ್ಕಾಗಿ 'ಹೊಟ್ಟೆಯ ಹೂಗಳು' ಎಂದು ಕರೆಯುವರು. ಹೊಟ್ಟೆಯ ಮೇಲೆ ಮಲಗಿ ನೋಡಿದಲ್ಲದೆ ಅವುಗಳ ಸ್ವರೂಪ ತಿಳಿಯದೆಂಬುದೇ ಆ ಹೆಸರಿನ ತಾತ್ಪರ್ಯ.

ಹೂವನ್ನು ಗುರುತಿಸುವುದೆಂದರೆ ಎಸಳಿನ ಬಣ್ಣ ನೋಡಿ ಹೆಸರು ಹೇಳುವುದೆಂದು ಸಾಮಾನ್ಯರು ಭಾವಿಸುತ್ತಾರೆ. ಮರುಭೂಮಿಯ ಸುಣ್ಣಕಲ್ಲಿನ ನೆಲದಲ್ಲಿಯೂ ಜಿಪ್ಸಂ ನೆಲದಲ್ಲಿಯೂ ಬೆಳೆಯುವ ಹೂಗಳು ಈ ಭಾವನೆಯನ್ನು ತಿದ್ದುತ್ತವೆ. ಅಲ್ಲಿ ಮೊದಲು ಓದಬೇಕಾದದ್ದು ನೆಲವನ್ನು. ಹೂವಿನ ಸರದಿ ಅನಂತರದ್ದು. ಈ ಮಾತಿಗೆ ನಿದರ್ಶನವಾಗಿ ಅಮೆರಿಕದ ಮೊಹಾವಿ ಮರುಭೂಮಿಯ ಒಂದು ಪುಟ್ಟ ಸಸ್ಯಕುಲವನ್ನು ಇಲ್ಲಿ ಪರಿಶೀಲಿಸಬಹುದು. ಆ ಕುಲದಲ್ಲಿರುವವು ಮೂರೇ ಜಾತಿಗಳು. ಅವುಗಳನ್ನು ಸರಿಯಾಗಿ ಗುರುತಿಸುವುದರ ಮೇಲೆ ಅವುಗಳ ಉಳಿವೇ ನಿಂತಿದೆ.

ಎರಡು ಬಿಳಿಯ ದ್ರವ್ಯಗಳು

ಸುಣ್ಣಕಲ್ಲು, ಜಿಪ್ಸಂ ಇವೆರಡೂ ನಮ್ಮ ಶಾಲೆಗಳಿಗೆ ಅಪರಿಚಿತವಲ್ಲ. ಉತ್ತರ ಕರ್ನಾಟಕದ ಅನೇಕ ಶಾಲೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಸುಣ್ಣಕಲ್ಲೇ ಆಗಿದೆ. ಉಪಾಧ್ಯಾಯರ ಬೆರಳುಗಳ ನಡುವಿನ ಸಾಮಾನ್ಯ ಸೀಮೆಸುಣ್ಣವಾದರೋ ಬಹುಮಟ್ಟಿಗೆ ಜಿಪ್ಸಂನಿಂದ ಆದದ್ದು. ಹೆಸರಿನಲ್ಲಿ ಸುಣ್ಣವಿದ್ದರೂ ವಸ್ತುವಿನಲ್ಲಿ ಸುಣ್ಣವಿಲ್ಲ. ಹೆಸರನ್ನು ನಂಬಿ ವಸ್ತುವನ್ನು ನಿರ್ಣಯಿಸಬಾರದೆಂಬ ಪಾಠ ಹೀಗೆ ಕರಿಹಲಗೆಯ ಬಳಿಯಲ್ಲಿಯೇ ದೊರೆಯುತ್ತದೆ.

ಸುಣ್ಣಕಲ್ಲು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟು. ಜಿಪ್ಸಂ ನೀರಿನಂಶವನ್ನು ಒಡಲಲ್ಲಿ ಧರಿಸಿದ ಕ್ಯಾಲ್ಸಿಯಂ ಸಲ್ಫೇಟು. ಆಯುರ್ವೇದದಲ್ಲಿ ಗೋದಂತಿಯೆಂದು ಪ್ರಸಿದ್ಧವಾದ ದ್ರವ್ಯವು ಜಿಪ್ಸಂ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಇವೆರಡನ್ನು ಬೇರ್ಪಡಿಸಲು ಸುಲಭ ಪರೀಕ್ಷೆಗಳಿವೆ. ಜಿಪ್ಸಂ ಬಲು ಮೃದು. ಉಗುರಿನಿಂದ ಗೀಚಿದರೆ ಗೆರೆ ಮೂಡುತ್ತದೆ. ಸುಣ್ಣಕಲ್ಲಿನ ಮೇಲೆ ಉಗುರು ಸಾಗುವುದಿಲ್ಲ, ಚಾಕುವಿನ ಮೊನೆ ಬೇಕು. ಸುಣ್ಣಕಲ್ಲಿನ ಮೇಲೆ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದ ಹನಿ ಬಿದ್ದರೆ ಬುರುಬುರನೆ ನೊರೆಯೇಳುತ್ತದೆ, ಜಿಪ್ಸಂ ಸುಮ್ಮನಿರುತ್ತದೆ. ಅಡುಗೆಮನೆಯ ಶಹಾಬಾದ್ ಹಾಸಿನ ಮೇಲೆ ನಿಂಬೆಹುಳಿ ಚೆಲ್ಲಿದರೆ ಹೊಳಪು ಮಾಸುವುದು ಗೃಹಿಣಿಯರಿಗೆ ಗೊತ್ತಿರುವ ಸಂಗತಿ. ಅದೂ ಇದೇ ಪರೀಕ್ಷೆಯ ಮೆಲ್ಲನೆಯ ರೂಪ.

ಜಿಪ್ಸಂ ನೀರಿನಲ್ಲಿ ಅಲ್ಪಸ್ವಲ್ಪ ಕರಗುವ ವಸ್ತು. ಒಂದು ಲೀಟರ್ ನೀರು ಸುಮಾರು ಎರಡರಿಂದ ಎರಡೂವರೆ ಗ್ರಾಂ ಜಿಪ್ಸಂ ಅನ್ನು ಕರಗಿಸಿಕೊಳ್ಳುತ್ತದೆ. ಆದಕಾರಣ ಮಳೆ ಸಮೃದ್ಧವಾದ ನಾಡುಗಳಲ್ಲಿ ಅದು ಮೇಲ್ಮಣ್ಣಿನಲ್ಲಿ ಉಳಿಯದೆ ತೊಳೆದುಹೋಗುತ್ತದೆ. ಒಣನಾಡುಗಳಲ್ಲಿ ಮಾತ್ರ ಬಯಲಿಗೆ ಬಂದು ನಿಲ್ಲುತ್ತದೆ. ಮೊಹಾವಿ ಮರುಭೂಮಿ ಅಂತಹ ಒಂದು ನಾಡು. ಕ್ಯಾಲಿಫೋರ್ನಿಯಾದ ಆಗ್ನೇಯ ಭಾಗ, ನೆವಾಡಾದ ದಕ್ಷಿಣ ಭಾಗ, ಅರಿಜೋನಾ ಮತ್ತು ಯೂಟಾಗಳ ಅಂಚುಗಳು ಸೇರಿ ಆ ಮರುಭೂಮಿಯಾಗಿದೆ. ಅದರ ಬಹುಭಾಗದಲ್ಲಿ ವರ್ಷದ ಮಳೆ ೧೫೦ ಮಿಲಿಮೀಟರಿಗಿಂತ ಕಡಿಮೆ. ಬರದ ಸೀಮೆಯೆಂದು ಹೆಸರಾದ ನಮ್ಮ ವಿಜಯಪುರದಲ್ಲಿಯೂ ಇದರ ಮೂರು ಪಟ್ಟಿಗಿಂತ ಹೆಚ್ಚು ಮಳೆ ಬೀಳುತ್ತದೆ.

ಜಿಪ್ಸಂ ನೆಲವು ಸಸ್ಯಗಳಿಗೆ ಕಠಿನವಾದ ನೆಲೆ. ಅದರ ಮೇಲ್ಭಾಗ ಹೆಪ್ಪುಗಟ್ಟಿ ಎಳೆಯ ಮೊಳಕೆಯ ಬೇರಿಗೆ ದಾರಿ ಕೊಡುವುದಿಲ್ಲ. ಗಂಧಕ ಮತ್ತು ಕ್ಯಾಲ್ಸಿಯಂಗಳು ಅತಿಯಾಗಿ ಇತರ ಪೋಷಕಾಂಶಗಳು ಅಲ್ಪವಾಗಿರುತ್ತವೆ. ಆದರೂ ಆ ನೆಲವನ್ನೇ ಮೆಚ್ಚಿ ಅಲ್ಲಿ ಮಾತ್ರ ಬಾಳುವ ಸಸ್ಯಗಳಿವೆ. ಅವುಗಳಿಗೆ 'ಜಿಪ್ಸಂಪ್ರಿಯ' ಸಸ್ಯಗಳೆನ್ನಬಹುದು. ಇಂತಹ ಕೆಲವು ಸಸ್ಯಗಳು ಹೆಚ್ಚಿನ ಗಂಧಕ, ಕ್ಯಾಲ್ಸಿಯಂಗಳನ್ನು ಎಲೆಗಳಲ್ಲಿಯೇ ಕೂಡಿಟ್ಟುಕೊಂಡು ನಿರಪಾಯಗೊಳಿಸುತ್ತವೆ. ಜಿಪ್ಸಂನ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ನೀರೇ ಆಗಿದೆ. ಸ್ಪೇನ್ ದೇಶದ ಜಿಪ್ಸಂ ಗುಡ್ಡಗಳಲ್ಲಿ ಬೆಳೆಯುವ, ಬೇರು ಆಳಕ್ಕಿಳಿಯದ ಒಂದು ಪುಟ್ಟ ಪೊದೆ ಬೇಸಗೆಯಲ್ಲಿ ಹರಳಿನೊಳಗಿನ ಈ ನೀರನ್ನೇ ಬಳಸಿಕೊಳ್ಳುವುದೆಂದು ೨೦೧೪ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಕಲ್ಲಿನಿಂದ ನೀರು ಹಿಂಡುವುದು ಅಸಾಧ್ಯವೆಂಬ ಮಾತಿಗೆ ಈ ಗಿಡ ಪ್ರತ್ಯಕ್ಷ ಅಪವಾದ.

ಕರಡಿಗಸಗಸೆಯ ಕುಲ

ನಿದರ್ಶನವಾಗಿ ತೆಗೆದುಕೊಂಡ ಕುಲಕ್ಕೆ ಶಾಸ್ತ್ರೀಯವಾಗಿ ಆರ್ಕ್ಟೊಮೆಕಾನ್ ಎಂದು ಹೆಸರು. ಗ್ರೀಕ್ ಭಾಷೆಯ 'ಆರ್ಕ್ಟೋಸ್' ಎಂದರೆ ಕರಡಿ, 'ಮೆಕಾನ್' ಎಂದರೆ ಗಸಗಸೆ. ಕನ್ನಡದಲ್ಲಿ ಕರಡಿಗಸಗಸೆ ಎಂದರೆ ಅರ್ಥಕ್ಕೆ ಲೋಪವಿಲ್ಲ. ಇದರ ಎಲೆಗಳು ಬುಡದಲ್ಲಿ ಗುಂಪಾಗಿರುತ್ತವೆ; ತುದಿ ಅಗಲವಾಗಿ ಹಲ್ಲುಹಲ್ಲಾಗಿರುತ್ತದೆ; ಮೈತುಂಬ ನೀಳವಾದ ಮೃದುರೋಮ. ನೋಡಿದರೆ ಕರಡಿಯ ಪಂಜದಂತೆ ತೋರುತ್ತದೆ. ಪ್ರಾಣಿಯ ಅಂಗದಿಂದ ಸಸ್ಯಕ್ಕೆ ಹೆಸರಿಡುವ ಪದ್ಧತಿ ನಮ್ಮಲ್ಲಿಯೂ ಉಂಟು. ಸಂಸ್ಕೃತದ ಆಖುಪರ್ಣಿ ಕನ್ನಡದಲ್ಲಿ ಇಲಿಕಿವಿಯಾಗಿದೆ. ನಾಡು ಬೇರೆಯಾದರೂ ಹೆಸರಿಡುವ ಮನಸ್ಸಿನ ನಡೆ ಒಂದೇ.

ಈ ಕುಲದ ಮೂರು ಜಾತಿಗಳು ಹೀಗಿವೆ.

ಮೊದಲನೆಯದು ಹಳದಿ ಕರಡಿಗಸಗಸೆ, ಆರ್ಕ್ಟೊಮೆಕಾನ್ ಕ್ಯಾಲಿಫೋರ್ನಿಕಾ. ಜಿಪ್ಸಂ ನೆಲವೇ ಇದರ ಮುಖ್ಯ ನೆಲೆ. ನೆವಾಡಾದ ಲಾಸ್ ವೇಗಸ್ ಸುತ್ತಿನಲ್ಲಿಯೂ ಅದಕ್ಕೆ ಹೊಂದಿದ ಅರಿಜೋನಾದ ಅಂಚಿನಲ್ಲಿಯೂ ಬೆಳೆಯುತ್ತದೆ. ಒಂದೊಂದು ದಂಟಿನಲ್ಲಿ ಹಲವು ಹೂಗಳು, ಹೂವಿಗೆ ಸಾಮಾನ್ಯವಾಗಿ ಆರು ಹಳದಿ ಎಸಳುಗಳು.

ಎರಡನೆಯದು ಬಿಳಿ ಕರಡಿಗಸಗಸೆ, ಆರ್ಕ್ಟೊಮೆಕಾನ್ ಮೆರ್ರಿಯಾಮಿ. ಇದು ಹೆಚ್ಚಾಗಿ ಸುಣ್ಣಕಲ್ಲಿನ ಇಳಿಜಾರುಗಳಲ್ಲಿಯೂ ಅಲ್ಲಿಂದ ಕೊಚ್ಚಿಬಂದ ಜಲ್ಲಿಮಣ್ಣಿನಲ್ಲಿಯೂ ಕಾಣಸಿಗುತ್ತದೆ. ನೆವಾಡಾ ಹಾಗೂ ಕ್ಯಾಲಿಫೋರ್ನಿಯಾ ಇದರ ನಾಡು. ಒಂದು ದಂಟಿಗೆ ಒಂದೇ ದೊಡ್ಡ ಹೂ, ಆರು ಬಿಳಿ ಎಸಳುಗಳು.

ಮೂರನೆಯದು ಕುಳ್ಳ ಕರಡಿಗಸಗಸೆ, ಆರ್ಕ್ಟೊಮೆಕಾನ್ ಹ್ಯೂಮಿಲಿಸ್. 'ಹ್ಯೂಮಿಲಿಸ್' ಎಂದರೆ ಲ್ಯಾಟಿನ್ ಭಾಷೆಯಲ್ಲಿ ನೆಲಕ್ಕೆ ಹತ್ತಿರವಾದದ್ದು, ವಿನಮ್ರವಾದದ್ದು ಎಂದರ್ಥ. ಗಿಡ ಗೇಣಿನಷ್ಟೇ ಎತ್ತರ. ಹೂವಿಗೆ ನಾಲ್ಕೇ ಬಿಳಿ ಎಸಳುಗಳು, ನಡುವೆ ಹಳದಿ ಕೇಸರಗಳು. ಇಡೀ ಜಗತ್ತಿನಲ್ಲಿ ಇದು ಯೂಟಾದ ವಾಷಿಂಗ್ಟನ್ ಕೌಂಟಿಯೊಂದರಲ್ಲಿಯೇ, ಸೇಂಟ್ ಜಾರ್ಜ್ ನಗರದ ಆಸುಪಾಸಿನ ಜಿಪ್ಸಂಭರಿತ ಬೋಳುದಿಣ್ಣೆಗಳ ಮೇಲೆ ಮಾತ್ರ ಬೆಳೆಯುತ್ತದೆ.

ಮೊದಲನೆಯ ಜಾತಿಯ ಹೆಸರಿನಲ್ಲಿ ಒಂದು ವಿಸಂಗತಿಯಿದೆ. 'ಕ್ಯಾಲಿಫೋರ್ನಿಕಾ' ಎಂಬ ಹೆಸರು ಹೊತ್ತ ಈ ಗಿಡ ಇಂದಿನ ಕ್ಯಾಲಿಫೋರ್ನಿಯಾದಲ್ಲಿ ಬೆಳೆಯುವುದೇ ಇಲ್ಲ! ಹೆಸರಿಟ್ಟವರು ತಪ್ಪಿದರೆಂದು ತಿಳಿಯಲಾಗದು. ಜಾನ್ ಫ್ರೀಮಾಂಟ್ ಎಂಬ ಅನ್ವೇಷಕನು ೧೮೪೪ರಲ್ಲಿ ಆ ದಾರಿಯಾಗಿ ಹಾದುಹೋಗುವಾಗ ಇದನ್ನು ಸಂಗ್ರಹಿಸಿದನು. ಜಾನ್ ಟೊರ್ರಿ ಎಂಬ ಸಸ್ಯಶಾಸ್ತ್ರಜ್ಞನೊಡಗೂಡಿ ೧೮೪೫ರಲ್ಲಿ ಹೆಸರನ್ನು ಪ್ರಕಟಿಸಿದನು. ಆಗ ಆ ಸೀಮೆಯೆಲ್ಲ ಮೆಕ್ಸಿಕೋ ದೇಶಕ್ಕೆ ಸೇರಿದ್ದ ಮೇಲಣ ಕ್ಯಾಲಿಫೋರ್ನಿಯಾ. ೧೮೪೮ರ ಒಪ್ಪಂದದಿಂದ ಅದು ಅಮೆರಿಕದ ಕೈಸೇರಿತು. ನೆವಾಡಾ ರಾಜ್ಯವಾದದ್ದು ೧೮೬೪ರಲ್ಲಿ. ಗಿಡ ನಿಂತಲ್ಲಿಯೇ ನಿಂತಿತು. ಮನುಷ್ಯರ ಗಡಿ ಸರಿಯಿತು. ಉಳಿದೆರಡು ಜಾತಿಗಳನ್ನು ಫ್ರೆಡರಿಕ್ ಕೊವಿಲ್ ಎಂಬ ವಿದ್ವಾಂಸನು ೧೮೯೨ರಲ್ಲಿ ಹೆಸರಿಸಿದನು. ಬಿಳಿಯದರ ಹೆಸರು, ೧೮೯೧ರ ಡೆತ್ ವ್ಯಾಲಿ ಸಂಶೋಧನಯಾತ್ರೆಯ ಮುಖಂಡನಾಗಿದ್ದ ಮೆರ್ರಿಯಮ್‌ನ ಸ್ಮಾರಕ.

ಲಕ್ಷಣವೂ ದೋಷಗಳೂ

ವಸ್ತುವನ್ನು ಉಳಿದೆಲ್ಲ ವಸ್ತುಗಳಿಂದ ಬೇರ್ಪಡಿಸಿ ತೋರಿಸುವ ಧರ್ಮವೇ ಲಕ್ಷಣವೆಂದು ನಮ್ಮ ತರ್ಕಶಾಸ್ತ್ರ ಹೇಳುತ್ತದೆ. ಅದು ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಿಂದ ಮುಕ್ತವಾಗಿರಬೇಕು. ಗೋವಿನ ಉದಾಹರಣೆ ಪ್ರಸಿದ್ಧ. ಕಪಿಲವರ್ಣವುಳ್ಳದ್ದು ಗೋವು ಎಂದರೆ ಬಿಳಿಯ, ಕರಿಯ ಹಸುಗಳು ಬಿಟ್ಟುಹೋಗುತ್ತವೆ, ಇದು ಅವ್ಯಾಪ್ತಿ. ಕೊಂಬುಳ್ಳದ್ದು ಗೋವು ಎಂದರೆ ಎಮ್ಮೆಯೂ ಒಳಗೆ ಸೇರುತ್ತದೆ, ಇದು ಅತಿವ್ಯಾಪ್ತಿ. ಒಂದೇ ಗೊರಸುಳ್ಳದ್ದು ಎಂದರೆ ಯಾವ ಹಸುವಿಗೂ ಹೊಂದದು, ಇದು ಅಸಂಭವ. ಗಂಗೆದೊಗಲುಳ್ಳದ್ದು ಎಂದರೆ ಲಕ್ಷಣ ನಿರ್ದುಷ್ಟ.

ಮರುಭೂಮಿಯ ಹೂವನ್ನು ಗುರುತಿಸುವವನು ಅರಿತೋ ಅರಿಯದೆಯೋ ಇದೇ ದಾರಿಯಲ್ಲಿ ನಡೆಯುತ್ತಾನೆ. ಹಳದಿ ಹೂವಿದ್ದರೆ ಕರಡಿಗಸಗಸೆ ಎಂದು ಹೇಳಿದರೆ ಬಿಳಿಹೂವಿನ ಎರಡು ಜಾತಿಗಳು ಬಿಟ್ಟುಹೋಗಿ ಅವ್ಯಾಪ್ತಿಯಾಗುತ್ತದೆ. ಅಷ್ಟೇ ಅಲ್ಲ, ಲಾಸ್ ವೇಗಸ್ ಬಳಿಯ ಅದೇ ಜಿಪ್ಸಂ ನೆಲದಲ್ಲಿ ಎನ್ಸೆಲಿಯಾಪ್ಸಿಸ್ ಎಂಬ ಇನ್ನೊಂದು ಗಿಡವಿದೆ. ಅದರದ್ದೂ ಬುಡದಲ್ಲಿ ಬೆಳ್ಳಿಬಣ್ಣದ ಎಲೆಗಳ ಗುಂಪು, ನೆಟ್ಟನೆಯ ದಂಟು, ಹಳದಿ ಹೂ. ಇಲ್ಲಿ ಲಕ್ಷಣವು ಅತಿವ್ಯಾಪ್ತವಾಯಿತು. ಹತ್ತಿರ ಹೋಗಿ ಬಗ್ಗಿ ನೋಡಿದರೆ ಭೇದ ಸ್ಪಷ್ಟ. ಎನ್ಸೆಲಿಯಾಪ್ಸಿಸ್ ಸೂರ್ಯಕಾಂತಿಯ ಕುಟುಂಬದ್ದು. ಒಂದೇ ಹೂವೆಂದು ತೋರುವುದು ಅಸಂಖ್ಯ ಕಿರುಹೂಗಳ ಸಮೂಹ. ಎಲೆಯ ತುದಿಯಲ್ಲಿ ಪಂಜದ ಹಲ್ಲುಗಳೂ ಇಲ್ಲ.

ಬಿಳಿಹೂವಿನ ವಿಷಯದಲ್ಲಿಯೂ ಇದೇ ತೊಡಕು. ಮೊಹಾವಿಯಲ್ಲಿ ಆರ್ಜಿಮೋನ್ ಎಂಬ ಮುಳ್ಳುಗಸಗಸೆಯುಂಟು. ಅದರ ಹೂವಿಗೂ ಸಾಮಾನ್ಯವಾಗಿ ಆರು ಬಿಳಿ ಎಸಳು, ನಡುವೆ ಹಳದಿ ಕೇಸರ. ದೂರದಿಂದ ನೋಡಿದವನಿಗೆ ಇದು ಬಿಳಿ ಕರಡಿಗಸಗಸೆಯೇ ಸರಿ. ಆದರೆ ಇದರ ಎಲೆ, ದಂಟುಗಳಲ್ಲಿ ಚುಚ್ಚುವ ಮುಳ್ಳು. ಅದರಲ್ಲಿ ಮೃದುವಾದ ರೋಮ. ಈ ಆರ್ಜಿಮೋನ್ ಕುಲದ ಹಳದಿ ಹೂವಿನ ಒಂದು ಜಾತಿ ಮೆಕ್ಸಿಕೋ ಕಡೆಯಿಂದ ಬಂದು ನಮ್ಮ ಹೊಲದ ಬದುಗಳಲ್ಲಿಯೂ ಪಾಳುನೆಲದಲ್ಲಿಯೂ ನೆಲೆಯೂರಿದೆ. ಹಲವೆಡೆ ದತ್ತೂರಿ ಎಂದು ಕರೆಯುವ, ಮುರಿದರೆ ಹಳದಿ ಹಾಲು ಸುರಿಸುವ ಮುಳ್ಳುಗಿಡವೇ ಅದು. ಕರಡಿಗಸಗಸೆಯ ದೂರದ ದಾಯಾದಿಯನ್ನು ನಮ್ಮ ವಿದ್ಯಾರ್ಥಿಗಳು ಶಾಲೆಗೆ ಬರುವ ದಾರಿಯಲ್ಲಿಯೇ ಕಾಣಬಹುದು.

ಇನ್ನು ಹೆಸರನ್ನು ನಂಬಿ, 'ಕ್ಯಾಲಿಫೋರ್ನಿಯಾದಲ್ಲಿ ಬೆಳೆಯುವುದು ಹಳದಿ ಕರಡಿಗಸಗಸೆ' ಎಂದು ಲಕ್ಷಣ ಹೇಳಿದರೆ ಅದು ಇಂದಿನ ಮಟ್ಟಿಗೆ ಶುದ್ಧ ಅಸಂಭವ.

ಹಾಗಾದರೆ ನಿರ್ದುಷ್ಟ ಲಕ್ಷಣ ಯಾವುದು? ಒಂದೇ ಗುರುತು ಇಲ್ಲಿ ಸಾಲದು. ಗುರುತುಗಳ ಸಮುದಾಯವೇ ಲಕ್ಷಣ. ನೆಲ ಯಾವುದು, ಎಲೆಯ ತುದಿ ಹೇಗಿದೆ, ಮೈಮೇಲೆ ರೋಮವೋ ಮುಳ್ಳೋ, ಮೊಗ್ಗು ತಲೆಬಾಗಿದೆಯೋ ನೆಟ್ಟಗಿದೆಯೋ, ಎಸಳು ನಾಲ್ಕೋ ಆರೋ, ದಂಟಿಗೆ ಒಂದು ಹೂವೋ ಹಲವೋ ಎಂಬ ಆರು ಪ್ರಶ್ನೆಗಳಿಗೆ ಉತ್ತರ ಕೂಡಿದಾಗ ಹೆಸರು ತಾನಾಗಿ ಹೊರಬರುತ್ತದೆ. ನೆಲದ ಪ್ರಶ್ನೆಯನ್ನು ಮೊದಲಿಗಿಟ್ಟದ್ದು ಸಕಾರಣವಾಗಿದೆ. ಹೂ ಕೆಲವು ವಾರ ಮಾತ್ರ ಇರುತ್ತದೆ. ನೆಲ ವರ್ಷವಿಡೀ ಇರುತ್ತದೆ. ಆದರೆ ನೆಲವೊಂದನ್ನೇ ನಂಬಿ ಕೂರುವುದೂ ತರವಲ್ಲ. ಬಿಳಿ ಕರಡಿಗಸಗಸೆ ಸುಣ್ಣಕಲ್ಲನ್ನು ಬಿಟ್ಟು ಬೇರೆ ನೆಲದಲ್ಲಿಯೂ ಒಮ್ಮೊಮ್ಮೆ ಕಾಣಿಸಿಕೊಳ್ಳುವುದುಂಟು. ನೆಲವು ಸಾಕ್ಷಿ, ತೀರ್ಪು ಎಲ್ಲ ಸಾಕ್ಷಿಗಳನ್ನು ಕೇಳಿದ ಮೇಲಿನದು. ಇಂದು ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದರೆ ಹೂವಿನ ಹೆಸರು ಸೂಚಿಸುವ ಸಾಧನಗಳು ಬಂದಿವೆ. ಅವು ಉಪಯುಕ್ತವೇ, ಆದರೆ ಉಗುರಿನಿಂದ ಕಲ್ಲನ್ನು ಗೀಚಿ ನೋಡುವ ಕೆಲಸ ಮನುಷ್ಯನಿಗೇ ಉಳಿದಿದೆ.

ಕಾಣದ್ದೆಲ್ಲ ಇಲ್ಲದ್ದಲ್ಲ

ಈ ವಿಚಾರವೆಲ್ಲ ಪಂಡಿತರ ವಿನೋದಕ್ಕೆಂದು ಭಾವಿಸಬಾರದು. ಕುಳ್ಳ ಕರಡಿಗಸಗಸೆಯ ನೆಲೆಗೆ ಅಂಟಿಕೊಂಡಿರುವ ಸೇಂಟ್ ಜಾರ್ಜ್ ಶೀಘ್ರವಾಗಿ ಬೆಳೆಯುತ್ತಿರುವ ನಗರ. ಲಾಸ್ ವೇಗಸ್ ವಿಸ್ತರಿಸಿದಂತೆಲ್ಲ ಹಳದಿ ಜಾತಿಯ ನೆಲೆಗಳೂ ಬಹಳಷ್ಟು ಕಟ್ಟಡಗಳ ಕೆಳಗೆ ಸೇರಿಹೋದವು. ಮನೆಗಳ ಗೋಡೆಹಲಗೆಗಾಗಿ ಜಿಪ್ಸಂ ಅಗೆಯುವ ಗಣಿಗಳು, ಬೋಳುದಿಣ್ಣೆಗಳ ಮೇಲೆ ಮೋಜಿಗಾಗಿ ಓಡಿಸುವ ವಾಹನಗಳು ಬೇರೆ. ಬೋಳಾದ ಬಿಳಿ ನೆಲವನ್ನು ಕಂಡವರು 'ಇಲ್ಲೇನೂ ಬೆಳೆಯದು' ಎಂದುಕೊಳ್ಳುವುದೇ ಈ ಗಿಡಗಳ ಮೊದಲ ಶತ್ರು. ಕುಳ್ಳ ಜಾತಿಯನ್ನು ಅಮೆರಿಕ ಸರ್ಕಾರವು ೧೯೭೯ರಲ್ಲಿ ಅಳಿವಿನಂಚಿನ ಸಸ್ಯವೆಂದು ಘೋಷಿಸಿತು. ಹಳದಿ ಜಾತಿಗೆ ನೆವಾಡಾ ರಾಜ್ಯದ ಕಾನೂನಿನ ರಕ್ಷಣೆಯಿದೆ. ಆದರೆ ಕಾನೂನು ರಕ್ಷಿಸುವುದು ಹೆಸರುಳ್ಳದ್ದನ್ನು. ಈ ನೆಲದಲ್ಲಿ ಇಂಥ ಗಿಡವಿದೆಯೆಂದು ಯಾರಾದರೂ ಗುರುತಿಸಿ ಹೇಳಿದರೆ ಮಾತ್ರ ರಸ್ತೆಯ ಗೆರೆ ಪಕ್ಕಕ್ಕೆ ಸರಿದೀತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕುಳ್ಳ ಕರಡಿಗಸಗಸೆ ಅಲ್ಪಾಯುಷಿ. ಅದರ ಬೀಜಗಳು ಮಾತ್ರ ಮಣ್ಣಿನಲ್ಲಿ ಅನೇಕ ವರ್ಷ ಜೀವ ಹಿಡಿದು ಮಲಗಿರುತ್ತವೆ. ಚಳಿಗಾಲದ ಕೊನೆಗೆ ಮಳೆ ಅನುಕೂಲವಾದ ಅಪರೂಪದ ವರ್ಷಗಳಲ್ಲಿ ಒಮ್ಮೆಲೇ ಗುಂಪಾಗಿ ಮೊಳೆಯುತ್ತವೆ. ನಡುವಿನ ವರ್ಷಗಳಲ್ಲಿ ನೆಲ ಬರಿದಾಗಿ ಕಾಣುತ್ತದೆ. ಬರದ ವರ್ಷದಲ್ಲಿ ಸಮೀಕ್ಷೆಗೆ ಬಂದವನು ಒಂದೂ ಗಿಡ ಕಾಣದೆ 'ಇಲ್ಲಿ ಇಲ್ಲ' ಎಂದು ಬರೆದುಕೊಂಡು ಹೋದರೆ ಅದು ಪ್ರಮಾಣವಾದೀತೆ? ಕಾಣಿಸದಿರುವುದು ಇಲ್ಲದಿರುವುದಕ್ಕೆ ಪ್ರಮಾಣವಾಗಬೇಕಾದರೆ ಆ ವಸ್ತು ಇದ್ದಿದ್ದರೆ ಕಾಣಿಸಲು ಯೋಗ್ಯವಾಗಿರಬೇಕೆಂದು ನಮ್ಮ ಶಾಸ್ತ್ರಕಾರರು ನಿಯಮ ಮಾಡಿದ್ದಾರೆ. ಇದಕ್ಕೆ ಯೋಗ್ಯಾನುಪಲಬ್ಧಿಯೆಂದು ಹೆಸರು. ಬೆಳಕಿನಲ್ಲಿ ಮೇಜಿನ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲಲ್ಲಿ ಕಾಣದಿದ್ದರೆ ಹಾಗೆ ಹೇಳಲಾಗದು. ಮಣ್ಣಿನೊಳಗೆ ಮಲಗಿದ ಬೀಜ ಕತ್ತಲಲ್ಲಿರುವ ಗಡಿಗೆಯಂತೆ. ಆದುದರಿಂದಲೇ ನೆಲವನ್ನು ಓದಬಲ್ಲವನ ಮಾತಿಗೆ ಬೆಲೆ. ಗಿಡ ಕಾಣದ ವರ್ಷದಲ್ಲಿಯೂ ಅವನು 'ಇದು ಅದರ ಮನೆ, ಬಾಗಿಲು ಮುಚ್ಚಿದೆ ಅಷ್ಟೇ' ಎಂದು ಹೇಳಬಲ್ಲನು.

ಆ ಮನೆಗೆ ತೆಳುವಾದ ಮಾಳಿಗೆಯೊಂದಿದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು, ಕಲ್ಲುಹೂಗಳು, ಪಾಚಿಗಳು ಹೆಣೆದ ಕಪ್ಪುಛಾಯೆಯ ಹೊರಪದರ ಅದು. ಮಣ್ಣು ಗಾಳಿಗೆ ಹಾರದಂತೆ, ಮಳೆಗೆ ಕೊಚ್ಚಿಹೋಗದಂತೆ ಅದು ಕಾಯುತ್ತದೆ. ಬೂಟಿನ ತುಳಿತಕ್ಕೂ ಚಕ್ರದ ಉಜ್ಜಿಗೂ ಅದು ಒಡೆಯುತ್ತದೆ. ಮತ್ತೆ ಕೂಡಿಕೊಳ್ಳಲು ಬಹುಕಾಲ ಬೇಕು. ಹೂವನ್ನು ನೋಡಲು ಹೋದ ಪ್ರೇಮಿಯೇ ಹೂವಿನ ಮನೆಯನ್ನು ಮುರಿಯುವ ಅಪಾಯವಿರುವುದರಿಂದ ಕಾಲುದಾರಿ ಬಿಟ್ಟು ನಡೆಯಬಾರದು, ಗಿಡ ಕೀಳಬಾರದು ಎಂಬುದು ಅಲ್ಲಿನ ಮೊದಲ ಶಿಸ್ತು. ಕಿತ್ತು ತೋಟದಲ್ಲಿ ನೆಟ್ಟರೆ ಉಳಿಸಬಹುದಲ್ಲವೆ ಎಂದರೆ, ಕರಡಿಗಸಗಸೆ ಕಿತ್ತು ನೆಟ್ಟಲ್ಲಿ ಬದುಕುವುದು ಬಲು ವಿರಳ. ನೆಲವನ್ನು ಉಳಿಸಿದರೆ ಮಾತ್ರ ಗಿಡ ಉಳಿದಂತೆ. ಈ ಕಾರಣದಿಂದಲೇ ಸೇಂಟ್ ಜಾರ್ಜ್ ಬಳಿ ವೈಟ್ ಡೋಮ್ ಎಂಬ ಬಿಳಿದಿಣ್ಣೆಯ ಪ್ರದೇಶವನ್ನು ನೇಚರ್ ಕನ್ಸರ್ವೆನ್ಸಿ ಎಂಬ ಸಂಸ್ಥೆಯು ಕುಳ್ಳ ಜಾತಿಗಾಗಿ ರಕ್ಷಿತ ತಾಣವಾಗಿ ಕಾಪಾಡಿಕೊಂಡು ಬರುತ್ತಿದೆ.

ಹೂವಿನ ನೆಂಟ

ಕುಳ್ಳ ಕರಡಿಗಸಗಸೆ ಚೆನ್ನಾಗಿ ಬೀಜ ಕಟ್ಟಬೇಕಾದರೆ ಒಂದು ಗಿಡದ ಪರಾಗ ಇನ್ನೊಂದು ಗಿಡಕ್ಕೆ ತಲಪಬೇಕು. ಈ ಕೆಲಸಕ್ಕೆ ಒದಗುವ ಕೀಟಗಳಲ್ಲಿ ಪರ್ಡಿಟಾ ಮೆಕೊನಿಸ್ ಎಂಬ ಕಿರುಜೇನು ಮುಖ್ಯವಾದದ್ದು. ಅಂಗುಲದ ಕಾಲುಭಾಗದಷ್ಟಿರುವ ಈ ಜೀವಿ ಕರಡಿಗಸಗಸೆ, ಮುಳ್ಳುಗಸಗಸೆಗಳ ಪರಾಗವನ್ನು ಮಾತ್ರ ಬಯಸುತ್ತದೆ. ವಿಜ್ಞಾನಿಗಳು ಇದನ್ನು ಪ್ರತ್ಯೇಕ ಜಾತಿಯೆಂದು ಹೆಸರಿಸಿದ್ದೇ ೧೯೯೩ರಲ್ಲಿ. ಯೂಟಾದಲ್ಲಿ ಹಿಂದೆ ಇದು ಕಂಡಿದ್ದ ಕುಳ್ಳ ಜಾತಿಯ ನೆಲೆಗಳಲ್ಲಿ ಇತ್ತೀಚಿನ ವರ್ಷಗಳ ಸಮೀಕ್ಷೆಗಳಲ್ಲಿ ಕಾಣಸಿಗಲಿಲ್ಲ. ಹೊರಗಿನಿಂದ ಬಂದ ಜೇನುಹುಳುಗಳು ಅಲ್ಲಿ ಹೂವಿನಿಂದ ಹೂವಿಗೆ ಹಾರುತ್ತಿದ್ದವು. ಮೇಲೆ ಹೇಳಿದ ನಿಯಮವನ್ನು ಇಲ್ಲಿ ಅನ್ವಯಿಸಿದರೆ ಮನಸ್ಸು ಭಾರವಾಗುತ್ತದೆ. ಹೂ ಅರಳಿದ ಹಗಲಿನಲ್ಲಿ ಹೂವಿನ ಮೇಲೆಯೇ ಇರಬೇಕಾದ ಜೀವಿ ಕಾಣಿಸದಿದ್ದರೆ ಅದು ಕತ್ತಲಲ್ಲಿರುವ ಗಡಿಗೆಯಲ್ಲ, ಬೆಳಕಿನಲ್ಲಿ ಕಾಣದ ಗಡಿಗೆ. ಒಂದು ಗಿಡವನ್ನು ಗುರುತಿಸಲು ಹೊರಟವನು ಅದರ ನೆಲವನ್ನೂ ನೆಂಟನನ್ನೂ ಕೂಡಿಯೇ ಗುರುತಿಸಬೇಕೆಂಬುದು ಇದರಿಂದ ವಿದಿತವಾಗುತ್ತದೆ.

ಮೊಹಾವಿಗೆ ಹೋಗಿ ನೋಡುವ ಅವಕಾಶ ನಮ್ಮ ಶಾಲೆಗಳ ಮಕ್ಕಳಲ್ಲಿ ಬಹುಮಂದಿಗೆ ಒದಗಲಿಕ್ಕಿಲ್ಲ. ಆದರೆ ಆ ಹೂಗಳು ಕಲಿಸುವ ವಿದ್ಯೆಗೆ ದೇಶದ ಕಟ್ಟಿಲ್ಲ. ಶಹಾಬಾದ್, ಸೇಡಂ, ಚಿತ್ತಾಪುರಗಳ ಸುಣ್ಣಕಲ್ಲಿನ ನೆಲವಿದೆ. ಬಾಗಲಕೋಟೆ, ಲೋಕಾಪುರಗಳ ಕಡೆಯೂ ಅಂತಹ ನೆಲವಿದೆ. ಮೊದಲ ಮಳೆಯ ಅನಂತರ ಕಲ್ಲಿನ ಸಂದುಗಳಲ್ಲಿ ಮೂಡಿ, ದನದ ಗೊರಸಿಗೆ ಸಿಕ್ಕಿ ಮರೆಯಾಗುವ ಕಿರುಹೂಗಳು ಅಲ್ಲಿಯೂ ಉಂಟು. ಉಪಾಧ್ಯಾಯರು ಒಂದು ಭೂತಗನ್ನಡಿಯನ್ನೂ ಒಂದು ಸಣ್ಣ ಶೀಸೆಯಲ್ಲಿ ನಿಂಬೆರಸವನ್ನೂ ಜೊತೆಗಿಟ್ಟುಕೊಂಡು ಮಕ್ಕಳನ್ನು ಬಯಲಿಗೆ ಕರೆದೊಯ್ದರೆ ಸಾಕು. ಮೊದಲು ಕಲ್ಲನ್ನು ಪರೀಕ್ಷಿಸಲಿ, ಬಳಿಕ ಎಲೆಯನ್ನು ಮುಟ್ಟಿ ನೋಡಲಿ, ಎಸಳನ್ನು ಎಣಿಸಲಿ, ಹೂವಿನ ಬಳಿಗೆ ಬರುವ ಕೀಟವನ್ನು ಕಾದು ನೋಡಲಿ, ಕೀಳದೆ ಚಿತ್ರ ಬರೆದುಕೊಳ್ಳಲಿ, ದಿನಾಂಕವನ್ನು ಗುರುತು ಹಾಕಲಿ, ಊರಿನ ಹಿರಿಯರನ್ನು ಕೇಳಿ ಹೆಸರನ್ನು ಬರೆದಿಡಲಿ. ಹೀಗೆ ಹತ್ತು ವರ್ಷ ಬರೆದಿಟ್ಟ ಒಂದು ಶಾಲೆಯ ಪುಸ್ತಕವು ಆ ಸೀಮೆಯ ನೆಲಕ್ಕೆ ನಂಬಿಕೆಯ ಸಾಕ್ಷಿಯಾಗುವುದು. ಹೆಸರಿಲ್ಲದ ಹೂ ಅಳಿದರೆ ಅಳಿದದ್ದು ಯಾವುದೆಂದು ಹೇಳುವವರೂ ಇರುವುದಿಲ್ಲ. ಹೆಸರು ಬಲ್ಲ ಒಬ್ಬ ಹುಡುಗನಿರುವ ಊರಿನಲ್ಲಿ ಅದರ ಪರವಾಗಿ ಮಾತನಾಡಲು ಒಂದು ನಾಲಗೆಯಾದರೂ ಇರುತ್ತದೆ.